ಅಗ್ನಿಶಾಮಕ ವಾಹನ ಬರುವ ಮುನ್ನ: ದಕ್ಷಿಣ ಕೊಡಗಿನ ಲೈನ್ ಮನೆಗಳ ಒಂದು ಪ್ರಕರಣ

ದಕ್ಷಿಣ ಕೊಡಗಿನ ಒಂದು ಕಾಫಿ ತೋಟದಲ್ಲಿ, ರೊಬಸ್ಟಾ ಕೊಯ್ಲು ಇನ್ನೂ ಮುಗಿಯದ ಫೆಬ್ರುವರಿಯ ಒಂದು ಮಧ್ಯಾಹ್ನ, ಕಾರ್ಮಿಕರ ಲೈನ್ ಮನೆಗಳ ಸಾಲಿಗೆ ಬೆಂಕಿ ಬಿದ್ದಿತು. ಎರಡು ಮನೆಗಳು ಪೂರ್ತಿ ಸುಟ್ಟುಹೋದವು, ಮೂರನೆಯದರ ಮಾಡು ಅರ್ಧ ಕುಸಿಯಿತು, ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಮುಗಿದುಹೋಗಬಹುದಾಗಿದ್ದ ಈ ಘಟನೆಯನ್ನು ಇಲ್ಲಿ ವಿವರವಾಗಿ ದಾಖಲಿಸಲು ಕಾರಣ, ಬೆಂಕಿ ಆರಿದ ಮೇಲೆ ಆ ಭಾಗದ ಅಗ್ನಿಶಾಮಕ ಠಾಣೆಯವರು ಮುಂದಿನ ಒಂದು ವರ್ಷದಲ್ಲಿ ಕೈಗೊಂಡ ಮುನ್ನೆಚ್ಚರಿಕೆಯ ಕೆಲಸ. ಆ ಕೆಲಸ ಮೊದಲು ಎಲ್ಲಿ ಗುರಿ ತಪ್ಪಿತು, ಆಮೇಲೆ ಎಲ್ಲಿ ನೆಲೆ ಕಂಡುಕೊಂಡಿತು ಎಂಬುದು ಕೊಡಗಿನ ಉಳಿದ ತೋಟಗಳಿಗೂ ಠಾಣೆಗಳಿಗೂ ಉಪಯೋಗಕ್ಕೆ ಬರಬಹುದೆಂದು ನಂಬಿದ್ದೇನೆ.

ನಾನು ಅದೇ ಗ್ರಾಮದಲ್ಲಿ ಸಣ್ಣ ಹಿಡುವಳಿ ಇರುವ ಬೆಳೆಗಾರ. ಬೆಂಕಿಯನ್ನೂ ನಂತರದ ಸಭೆಗಳನ್ನೂ ಹತ್ತಿರದಿಂದ ಕಂಡವನು. ತೋಟದ ಹೆಸರನ್ನೂ ಠಾಣೆಯ ಹೆಸರನ್ನೂ ಬಿಟ್ಟಿದ್ದೇನೆ. ಇಲ್ಲಿ ವಿವರಿಸುವ ಲೋಪಗಳು ಆ ಒಂದು ತೋಟದವಲ್ಲ, ನಮ್ಮ ಬಹುಪಾಲು ತೋಟಗಳಲ್ಲಿ ಇರುವಂಥವು. ನನ್ನ ತಿಳಿವಳಿಕೆಯಲ್ಲಿ ಈ ಪ್ರಕರಣ ತೋರಿಸಿಕೊಡುವ ಮುಖ್ಯ ಸಂಗತಿ ಇದು: ಕೊಡಗಿನಲ್ಲಿ ಬೆಂಕಿ ಎಷ್ಟು ಸುಡಬೇಕೆಂಬುದು ಹೆಚ್ಚಿನ ಸಂದರ್ಭಗಳಲ್ಲಿ ಅಗ್ನಿಶಾಮಕ ವಾಹನ ಬರುವುದಕ್ಕೆ ಮೊದಲೇ ತೀರ್ಮಾನವಾಗಿಬಿಡುತ್ತದೆ. ಆದ್ದರಿಂದ ಠಾಣೆಯ ಅತಿ ಮುಖ್ಯ ಕೆಲಸ ನಡೆಯಬೇಕಾದದ್ದು ಜನವರಿಯಿಂದ ಮಾರ್ಚ್‌ವರೆಗಿನ ಒಣ ತಿಂಗಳುಗಳಲ್ಲಿ, ಒಲೆ ಉರಿಯುವ ಮನೆಗಳಲ್ಲಿ, ಆ ಮನೆಯವರ ಜೊತೆಯಲ್ಲಿ.

ದೂರದ ಲೆಕ್ಕ

ಕೊಡಗಿನ ವಿಸ್ತೀರ್ಣ 4,102 ಚದರ ಕಿಲೋಮೀಟರ್. 2011ರ ಜನಗಣತಿಯ ಪ್ರಕಾರ ಇಲ್ಲಿ ಚದರ ಕಿಲೋಮೀಟರಿಗೆ 135 ಜನ ಇದ್ದರೆ, ರಾಜ್ಯದ ಸರಾಸರಿ 319. ಬಯಲುಸೀಮೆಯ ಹಾಗೆ ಮನೆಗಳು ಒತ್ತಾಗಿ ಸೇರಿ ಊರಾಗಿರುವುದು ಇಲ್ಲಿ ಅಪರೂಪ; ಒಬ್ಬೊಬ್ಬರ ಮನೆ ಅವರವರ ತೋಟದೊಳಗೆ, ಲೈನ್ ಮನೆಗಳು ಮಾಲೀಕರ ಮನೆಯಿಂದಲೂ ದೂರ, ಗದ್ದೆಯ ಅಂಚಿಗೋ ಇಳಿಜಾರಿನ ಕೆಳಗೋ ಇರುತ್ತವೆ. ಗ್ರಾಮೀಣ ಪ್ರದೇಶದಲ್ಲಿ ಕರೆ ಬಂದ 20 ನಿಮಿಷದೊಳಗೆ ಮೊದಲ ವಾಹನ ಸ್ಥಳ ತಲುಪಬೇಕೆಂಬುದು ರಾಷ್ಟ್ರಮಟ್ಟದ ಸ್ಥಾಯಿ ಅಗ್ನಿಶಾಮಕ ಸಲಹಾ ಸಮಿತಿ ಸೂಚಿಸಿದ ಮಾನದಂಡ. ಮಡಿಕೇರಿಯಿಂದ ಭಾಗಮಂಡಲಕ್ಕೆ ಸುಮಾರು 39 ಕಿಲೋಮೀಟರ್ ತಿರುವಿನ ರಸ್ತೆಯಿದೆ ಎಂಬುದನ್ನು ಬಲ್ಲವರಿಗೆ ಆ 20 ನಿಮಿಷದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರಲ್ಲಿ ಸಿಬ್ಬಂದಿಯ ತಪ್ಪಿಲ್ಲ. ಎಷ್ಟೇ ಚುರುಕಾದ ತಂಡವಾದರೂ ಬೆಟ್ಟದ ತಿರುವನ್ನು ನೇರ ಮಾಡಲಾರದು.

ಮುಖ್ಯರಸ್ತೆಯನ್ನು ಬಿಟ್ಟ ಮೇಲಿನ ದಾರಿ ಇನ್ನೂ ಕಷ್ಟದ್ದು. ಆನೆಗಳ ಕಾಟದಿಂದಾಗಿ ತೋಟದ ಗೇಟಿಗೆ ಬೀಗ, ಅಂಚಿಗೆ ಸೋಲಾರ್ ಬೇಲಿ. ಜೀಪು, ಟ್ರ್ಯಾಕ್ಟರ್ ಹೋಗುವಷ್ಟೇ ಅಗಲದ ಮಣ್ಣಿನ ದಾರಿ, ತೋಡಿನ ಮೇಲೆ ಹಾಕಿದ ಸಣ್ಣ ಮೋರಿ, ಜೋತುಬಿದ್ದ ವಿದ್ಯುತ್ ತಂತಿ, ಎರಡೂ ಬದಿಯಿಂದ ಚಾಚಿಕೊಂಡ ಸಿಲ್ವರ್ ಓಕ್ ಕೊಂಬೆ. ಇವನ್ನೆಲ್ಲ ದಾಟಿ ಬಂದ ವಾಹನದಲ್ಲಿ ಇರುವ ನೀರಾದರೂ ಎಷ್ಟು? ಸಾಮಾನ್ಯ ಜಲವಾಹನದ ಟ್ಯಾಂಕು ಹಿಡಿಯುವುದು 4,500 ಲೀಟರ್ ಆಸುಪಾಸು. ಒಂದು ಹೋಸ್‌ನಿಂದ ನಿಮಿಷಕ್ಕೆ 450 ಲೀಟರ್ ಹರಿದರೆ ಹತ್ತು ನಿಮಿಷದಲ್ಲಿ ಅದು ಬರಿದಾಗುತ್ತದೆ. ಮತ್ತೆ ತುಂಬಿಸಿಕೊಳ್ಳಲು ಕೆರೆ ಎಲ್ಲಿದೆ, ವಾಹನ ಕೆರೆಯ ದಂಡೆಯ ತನಕ ಹೋಗಬಲ್ಲುದೇ ಎಂಬುದು ಮುಂಚೆಯೇ ತಿಳಿದಿದ್ದರೆ ಮಾತ್ರ ಹನ್ನೊಂದನೆಯ ನಿಮಿಷದಲ್ಲೂ ಕೆಲಸ ಮುಂದುವರಿಯುತ್ತದೆ.

ಆ ಮಧ್ಯಾಹ್ನ ನಡೆದದ್ದು

ಸುಟ್ಟ ಸಾಲು ಹಳೆಯ ಕಾಲದ್ದು. ಇಟ್ಟಿಗೆ ಗೋಡೆ, ಮರದ ಪಕಾಸು, ಮೇಲೆ ಮಂಗಳೂರು ಹಂಚು. ಮಳೆಗಾಲದಲ್ಲಿ ಸೋರದಿರಲೆಂದು ಹಂಚಿನ ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸಲಾಗಿತ್ತು. ಒಂದೇ ಉದ್ದನೆಯ ಮಾಡಿನ ಕೆಳಗೆ ಅಕ್ಕಪಕ್ಕದ ಮನೆಗಳು. ನಡುವಿನ ಗೋಡೆಗಳು ಆಳೆತ್ತರಕ್ಕಿಂತ ತುಸು ಮೇಲಕ್ಕೆ ಹೋಗಿ ನಿಂತಿದ್ದವೇ ಹೊರತು ಹಂಚಿನ ತನಕ ಮುಟ್ಟಿರಲಿಲ್ಲ. ಈ ಒಂದು ವಿವರವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ, ಏಕೆಂದರೆ ಅಂದಿನ ನಷ್ಟಕ್ಕೆ ಅದೇ ದೊಡ್ಡ ಕಾರಣ.

ಕೊಯ್ಲಿನ ದಿನಗಳಾದ್ದರಿಂದ ದುಡಿಯಬಲ್ಲವರೆಲ್ಲ ತೋಟದಲ್ಲಿದ್ದರು. ಒಂದು ಮನೆಯಲ್ಲಿ ಬೆಳಗಿನ ಅಡುಗೆಯ ಕೆಂಡವನ್ನು ಪೂರ್ತಿ ನಂದಿಸದೆ ಬೂದಿ ಮುಚ್ಚಿ ಹೋಗಿದ್ದರು. ಸಂಜೆ ಬಂದು ಊದಿ ಮತ್ತೆ ಹೊತ್ತಿಸುವುದು ರೂಢಿ. ಒಲೆಯ ಮೇಲಿನ ಅಟ್ಟದಲ್ಲಿ ಸೌದೆ ಒಣಗಲು ಇಟ್ಟಿತ್ತು. ಕೊಡಗಿನ ಮಳೆಗಾಲದಲ್ಲಿ ಹುಟ್ಟಿದ ಅಭ್ಯಾಸ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೌದೆ, ಬಟ್ಟೆ ಎಲ್ಲವೂ ಒಣಗಬೇಕಾದದ್ದು ಒಲೆಯ ಬಿಸಿಯಲ್ಲೇ. ಆದರೆ ಮಳೆಗಾಲಕ್ಕೆ ಬೇಕಾದ ಅಟ್ಟ ಫೆಬ್ರುವರಿಯಲ್ಲೂ ಹಾಗೆಯೇ ತುಂಬಿರುತ್ತದೆ. ಆಗ ಅದರಲ್ಲಿರುವ ಕಾಫಿ ಗಿಡದ ಕಡ್ಡಿ ಒಂದು ಕಿಡಿಗೆ ಹತ್ತಿಕೊಳ್ಳುವಷ್ಟು ಒಣಗಿರುತ್ತದೆ. ಕಿಡಿ ಅಟ್ಟಕ್ಕೆ ಹಾರಿತೋ, ಒಲೆಯ ಬಾಯಿಯಲ್ಲಿದ್ದ ಕಡ್ಡಿ ಹೊರಗೆ ಬಿದ್ದು ಪಕ್ಕದ ಸೌದೆಗೆ ತಗುಲಿತೋ ನೋಡಿದವರಿಲ್ಲ. ಬೆಂಕಿ ಆ ಮೂಲೆಯಿಂದಲೇ ಎದ್ದಿತೆಂಬುದು ಸುಟ್ಟ ಗುರುತುಗಳಿಂದ ಠಾಣೆಯವರಿಗೆ ಸ್ಪಷ್ಟವಾಯಿತು.

ಬೆಂಕಿ ಮಾಡನ್ನು ಮುಟ್ಟಿದ ಮೇಲೆ ಅದಕ್ಕೆ ಅಡ್ಡ ಇರಲಿಲ್ಲ. ಬಿಸಿ ಹೊಗೆ ಮೇಲೇರಿ ಹಂಚಿನ ಕೆಳಗೆ ತುಂಬಿಕೊಂಡು, ಗೋಡೆಯ ತಲೆಯ ಮೇಲಿನ ತೆರವಿನಿಂದ ಪಕ್ಕದ ಮನೆಗೆ ದಾಟಿತು. ಪ್ಲಾಸ್ಟಿಕ್ ಹಾಳೆ ಕರಗಿ ಉರಿಯುತ್ತ ಕೆಳಗಿನ ಹಾಸಿಗೆ, ಬಟ್ಟೆಗಳ ಮೇಲೆ ತೊಟ್ಟಿಕ್ಕಿತು. ಬಾಗಿಲಿಗೆ ಬೀಗ ಹಾಕಿದ್ದ ಎರಡನೆಯ ಮನೆಯಲ್ಲಿ ಬೆಂಕಿ ಕಾಣಿಸಿದ್ದು ಹೀಗೆ, ಮೇಲಿನಿಂದ.

ಸಾಲಿನ ಕೊನೆಯ ಮನೆಯಲ್ಲಿದ್ದ ಒಬ್ಬ ಅಜ್ಜಿ ಮೊಮ್ಮಗುವನ್ನು ಎತ್ತಿಕೊಂಡು ಹೊರಬಂದು ಕೂಗಿಕೊಂಡರು. ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಮೊದಲು ಮಾಡಿದ ಕೆಲಸ, ಸಾಲಿನ ವಿದ್ಯುತ್ ಬೋರ್ಡಿನ ಫ್ಯೂಸ್ ಕಿತ್ತದ್ದು. ಅವರಿಗೆ ವೈರಿಂಗ್ ಕೆಲಸದ ಅನುಭವ ಇದ್ದುದರಿಂದ ಅದು ಹೊಳೆಯಿತು. ಇಲ್ಲವಾಗಿದ್ದರೆ ಕೊಡದಲ್ಲಿ ನೀರು ಎರಚಲು ಓಡಿಬಂದವರಲ್ಲಿ ಒಬ್ಬರಿಗಾದರೂ ವಿದ್ಯುತ್ ತಗುಲುವ ಸಂಭವ ಇತ್ತು. ಮೊಬೈಲ್ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಹತ್ತಿರ ಮಾತ್ರವಾದ್ದರಿಂದ, ಅಲ್ಲಿಗೆ ಓಡಿಹೋಗಿ 101ಕ್ಕೆ ಕರೆ ಮಾಡಿ, ತೋಟ ಎಲ್ಲಿದೆ ಎಂದು ತಿಳಿಸುವುದರಲ್ಲೇ ಅಮೂಲ್ಯ ನಿಮಿಷಗಳು ಕಳೆದವು.

ಉಳಿದ ಮನೆಗಳನ್ನು ಉಳಿಸಿದ್ದು ಹೂಮಳೆಗಾಗಿ ಜೋಡಿಸಿದ್ದ ಪೈಪು. ರೊಬಸ್ಟಾ ಹೂವಿಗೆ ನೀರು ಕೊಡಲು ಕೆರೆಯ ದಂಡೆಯಲ್ಲಿ ಡೀಸೆಲ್ ಎಂಜಿನ್ ಇಟ್ಟು, ಸ್ಪ್ರಿಂಕ್ಲರ್ ಪೈಪುಗಳನ್ನು ಲೈನಿನ ಹಿಂದಿನ ಬ್ಲಾಕಿಗೆ ಎಳೆದಿದ್ದರು. ಕಾರ್ಮಿಕರ ಮೇಲ್ವಿಚಾರಣೆ ನೋಡುವ ಮೇಸ್ತ್ರಿ ಮತ್ತು ನಾಲ್ಕೈದು ಮಂದಿ ಒಂದು ಜೆಟ್ಟನ್ನು ಲೈನಿನ ಕಡೆಗೆ ತಿರುಗಿಸಿ ಎಂಜಿನ್ ಹೊಡೆದರು. ಉರಿಯುವ ಮನೆಗಳ ಮೇಲೆ ಅದರಿಂದ ಹೆಚ್ಚು ಪರಿಣಾಮವಾಗಲಿಲ್ಲ. ಆದರೆ ಮೂರನೆಯ ಮನೆಯ ಹಂಚು ತೆಗೆದು ಒಳಗಿನ ಮರವನ್ನು ತೋಯಿಸಿದ್ದರಿಂದ ಬೆಂಕಿ ಅಲ್ಲಿಗೇ ನಿಂತಿತು. ಅಗ್ನಿಶಾಮಕ ವಾಹನ ಬರುವ ಹೊತ್ತಿಗೆ ಹರಡುವ ಅಪಾಯ ತಪ್ಪಿತ್ತು. ಸಿಬ್ಬಂದಿ ಉಳಿದ ಬೆಂಕಿಯನ್ನು ಆರಿಸಿ, ಒಲೆಯ ಬಳಿಯಿದ್ದ ಗ್ಯಾಸ್ ಸಿಲಿಂಡರನ್ನು ಹೊರತಂದು ತಣಿಸಿದರು. 14.2 ಕಿಲೋ ಅನಿಲ ಹಿಡಿಯುವ ಆ ಸಿಲಿಂಡರ್ ತುಂಬಿರಲಿಲ್ಲವೆಂಬುದು, ಅದರ ಸುರಕ್ಷತಾ ಕವಾಟ ಕೆಲಸ ಮಾಡಿತೆಂಬುದು ಅಂದು ಕೂಡಿಬಂದ ಅದೃಷ್ಟ.

ಸುಟ್ಟ ಮನೆಯವರು ಕಳೆದುಕೊಂಡದ್ದನ್ನು ಪಾತ್ರೆ, ಬಟ್ಟೆ, ಅಕ್ಕಿ ಎಂದು ಬರೆದರೆ ಸಣ್ಣದಾಗಿ ಕಾಣುತ್ತದೆ. ಒಂದು ಕುಟುಂಬ ಇಲ್ಲಿನ ಆದಿವಾಸಿ ಸಮುದಾಯವಾದ ಎರವರದು, ಇನ್ನೊಂದು ಕೊಯ್ಲಿಗೆಂದು ಅಸ್ಸಾಂನಿಂದ ಬಂದವರದು. ಆಧಾರ್, ಪಡಿತರ ಚೀಟಿ, ಮಕ್ಕಳ ಜಾತಿ ಪ್ರಮಾಣಪತ್ರ, ಬ್ಯಾಂಕ್ ಪುಸ್ತಕ ಎಲ್ಲವೂ ಒಂದೇ ತಗಡಿನ ಪೆಟ್ಟಿಗೆಯಲ್ಲಿದ್ದು ಬೂದಿಯಾದವು. ಎರವ ಕುಟುಂಬದ ಹುಡುಗಿಯ ಹಾಸ್ಟೆಲ್ ಅರ್ಜಿಗೆ ಆ ಪ್ರಮಾಣಪತ್ರ ಬೇಕಾಗಿತ್ತು. ಮನೆಯನ್ನು ಮಾಲೀಕರು ದುರಸ್ತಿ ಮಾಡಿಸಿಕೊಟ್ಟರು. ಕಾಗದಪತ್ರಗಳಿಗಾಗಿ ಅವರು ದಿನದ ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆದದ್ದು ಅದಕ್ಕಿಂತ ಹೆಚ್ಚು ಕಾಲ ನಡೆಯಿತು. ಬೆಂಕಿಯ ನಷ್ಟವನ್ನು ಅಂದಾಜು ಮಾಡುವ ನಮ್ಮ ಪಂಚನಾಮೆಗಳಲ್ಲಿ ಇದಕ್ಕೆ ಕಾಲಂ ಇಲ್ಲ. ಇರಬೇಕು.

ಏಪ್ರಿಲ್‌ನ ಕಾರ್ಯಕ್ರಮ

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿಯನ್ನೂ ಸ್ಫೋಟಕಗಳನ್ನೂ ಹೊತ್ತಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗು ಹೊತ್ತಿ ಸಿಡಿದಾಗ, ಬೆಂಕಿ ಆರಿಸುತ್ತಿದ್ದ 66 ಮಂದಿ ಅಗ್ನಿಶಾಮಕರು ಪ್ರಾಣ ತೆತ್ತರು. ಅವರ ನೆನಪಿಗೆ ಆ ದಿನ ಮೀಸಲು. ಅದಕ್ಕೆ ಸಲ್ಲಬೇಕಾದ ಗೌರವದ ಬಗ್ಗೆ ಎರಡು ಮಾತಿಲ್ಲ.

ನಮ್ಮ ಠಾಣೆಯವರು ಫೆಬ್ರುವರಿಯ ಬೆಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಸಪ್ತಾಹದಲ್ಲಿ ಗ್ರಾಮದ ಶಾಲೆಯಲ್ಲಿ ಪ್ರಾತ್ಯಕ್ಷಿಕೆ ಏರ್ಪಡಿಸಿದರು. ಕಬ್ಬಿಣದ ತಟ್ಟೆಯಲ್ಲಿ ಡೀಸೆಲ್ ಹೊತ್ತಿಸಿ ನಂದಕದಿಂದ ಆರಿಸಿ ತೋರಿಸಿದರು, ಸಿಲಿಂಡರಿಗೆ ಹತ್ತಿದ ಬೆಂಕಿಯನ್ನು ಒದ್ದೆ ಗೋಣಿಯಿಂದ ಮುಚ್ಚಿ ಆರಿಸುವ ಕ್ರಮವನ್ನು ಮಾಡಿ ತೋರಿಸಿದರು. ಮಕ್ಕಳು, ಶಿಕ್ಷಕರು, ಪಂಚಾಯಿತಿಯ ಸದಸ್ಯರು, ಕೆಲವು ಬೆಳೆಗಾರರು ಬಂದಿದ್ದರು. ಚೆನ್ನಾಗಿ ನಡೆದ ಕಾರ್ಯಕ್ರಮ. ಲೈನಿನಿಂದ ಬಂದವರು ಬೆರಳೆಣಿಕೆಯಷ್ಟು ಮಂದಿ.

ಅದರ ಕಾರಣ ಯಾರ ಅಸಡ್ಡೆಯೂ ಅಲ್ಲ. ಏಪ್ರಿಲ್ ಮಧ್ಯದ ಹೊತ್ತಿಗೆ ರೊಬಸ್ಟಾ ಕೊಯ್ಲು ಮುಗಿದು ಅಸ್ಸಾಂ, ಜಾರ್ಖಂಡ್ ಕಡೆಯ ಕೊಯ್ಲಿನವರು ಊರಿಗೆ ಹೊರಟಿರುತ್ತಾರೆ. ಉಳಿದವರಿಗೆ ಹಗಲು ಕೆಲಸ. ಅಷ್ಟರಲ್ಲಿ ಒಂದೆರಡು ಮಳೆ ಬಿದ್ದು ತರಗೆಲೆಯೂ ತೇವವಾಗಿರುತ್ತದೆ. ಅಂದರೆ ದೇಶಕ್ಕೆಲ್ಲ ಒಂದೇ ಆಗಿ ನಿಗದಿಯಾದ ಆ ವಾರ ಕೊಡಗಿಗೆ ಬರುವಾಗ ನಮ್ಮ ಅಪಾಯದ ತಿಂಗಳುಗಳು ಕಳೆದಿರುತ್ತವೆ, ಅಪಾಯದಲ್ಲಿ ಬದುಕುವವರಲ್ಲಿ ಅನೇಕರು ಇಲ್ಲಿರುವುದಿಲ್ಲ. ಆಮೇಲೆ ಜೂನ್ ಬಂದರೆ ಠಾಣೆಯ ಕೆಲಸದ ಸ್ವರೂಪವೇ ಬೇರೆ: ರಸ್ತೆಗೆ ಬಿದ್ದ ಮರ, ಕುಸಿದ ಗುಡ್ಡದ ಬದಿ, ಹೊಳೆಯ ನೀರು ನುಗ್ಗಿದ ಮನೆ. 2018ರ ಆಗಸ್ಟ್‌ನ ಭೂಕುಸಿತಗಳ ನಂತರ ಮಳೆಗಾಲದ ಸಿದ್ಧತೆಗೆ ಜಿಲ್ಲೆಯಲ್ಲಿ ಸಹಜವಾಗಿಯೇ ಹೆಚ್ಚಿನ ಗಮನ ದೊರೆತಿದೆ. ಬೇಸಿಗೆಯ ಬೆಂಕಿಗೆ ಸಿಗಬೇಕಾದ ಗಮನ ಈ ಎರಡರ ನಡುವೆ ಜಾರಿಹೋಗುತ್ತದೆ.

ಠಾಣಾಧಿಕಾರಿ ಇದನ್ನು ಅಂದೇ ಗುರುತಿಸಿದರು. ಮುಂದಿನ ಕೊಯ್ಲಿಗೆ ಜನ ಬಂದ ಕೂಡಲೇ ತೋಟಕ್ಕೇ ಬರುವುದಾಗಿ ಮೇಸ್ತ್ರಿಗೆ ಹೇಳಿ ಹೋದರು. ಹೇಳಿದ ಹಾಗೆ ಬಂದರು ಎಂಬುದನ್ನು ಕೃತಜ್ಞತೆಯಿಂದ ದಾಖಲಿಸುತ್ತೇನೆ.

ತೂಕದ ಜಾಗದಲ್ಲಿ

ಜನರನ್ನು ಎಲ್ಲಿ, ಯಾವ ಹೊತ್ತಿನಲ್ಲಿ ಸೇರಿಸುವುದು ಎಂಬುದು ಸುಲಭದ ಪ್ರಶ್ನೆಯಾಗಿರಲಿಲ್ಲ. ಕತ್ತಲಾದ ಮೇಲೆ ಸಭೆ ಕರೆದರೆ ಬೇರೆ ಸಾಲಿನವರು ತೋಟದ ದಾರಿಯಲ್ಲಿ ನಡೆದು ಮರಳಬೇಕು, ಆ ಹೊತ್ತಿನಲ್ಲಿ ಆನೆಗಳು ಕಾಡಿನಿಂದ ಇಳಿದಿರುತ್ತವೆ. ಭಾನುವಾರ ಸಂತೆಗೆ ಹೋಗುವ ದಿನ. ಹಗಲಲ್ಲಿ ಕೆಲಸ ಬಿಡಿಸಿದರೆ, ಕೊಯ್ದ ಹಣ್ಣಿನ ತೂಕದ ಮೇಲೆ ಕೂಲಿ ಪಡೆಯುವವರಿಗೆ ನಷ್ಟ. ಪರಿಹಾರ ಹೇಳಿದ್ದು ಒಬ್ಬ ಎರವ ಮಹಿಳೆ. ಸಂಜೆ ಎಲ್ಲರೂ ಚೀಲ ಹೊತ್ತು ತೂಕಕ್ಕೆ ಬಂದು ಕಾಯುತ್ತ ಕೂರುತ್ತೇವಲ್ಲ, ಅಲ್ಲೇ ಹೇಳಲಿ ಎಂದರು.

ತೂಕದ ಜಾಗ ಎಲ್ಲ ರೀತಿಯಲ್ಲೂ ಸರಿಯಾಗಿತ್ತು. ಗಂಡಸರು, ಹೆಂಗಸರು, ಶಾಲೆಯಿಂದ ಬಂದ ಮಕ್ಕಳು ಎಲ್ಲರೂ ಅಲ್ಲಿರುತ್ತಾರೆ. ತಮ್ಮ ಸರದಿ ಬರುವವರೆಗೆ ಬೇರೆ ಕೆಲಸ ಇರುವುದಿಲ್ಲ. ಠಾಣೆಯ ಇಬ್ಬರು ಸಿಬ್ಬಂದಿ ಜನವರಿಯಲ್ಲಿ ಕೆಲವು ಸಂಜೆ ಬಂದು, ಪ್ರತಿ ಸಲ ಒಂದೇ ಒಂದು ವಿಷಯವನ್ನು ಎತ್ತಿಕೊಂಡರು. ಭಾಷಣ ಇರಲಿಲ್ಲ. ಒಂದು ಸಂಜೆ ಗ್ಯಾಸ್ ಮಾತ್ರ, ಇನ್ನೊಂದು ಸಂಜೆ ಒಲೆ ಮತ್ತು ಸೌದೆ, ಮತ್ತೊಂದು ಸಂಜೆ ಸುಟ್ಟ ಗಾಯ. ಕನ್ನಡದಲ್ಲಿ ಹೇಳಿದ್ದನ್ನು ಅಂಗನವಾಡಿಯಲ್ಲಿ ಕೆಲಸ ಮಾಡುವ ಒಬ್ಬರು ಎರವ ಭಾಷೆಯಲ್ಲಿ ಹೇಳಿದರು. ಅಸ್ಸಾಂನವರಿಗೆ ಹಿಂದಿ ಬಲ್ಲ ಅವರದೇ ಗುಂಪಿನ ಯುವಕ ತಿಳಿಸಿದ.

ಗ್ಯಾಸಿನ ಸಂಜೆ ಹೆಚ್ಚು ಪ್ರಶ್ನೆಗಳು ಬಂದವು. ಉಜ್ವಲ ಯೋಜನೆ 2016ರಲ್ಲಿ ಆರಂಭವಾದ ನಂತರ ಲೈನ್ ಮನೆಗಳಿಗೂ ಸಿಲಿಂಡರ್ ಬಂದಿದೆ. ಆದರೆ ಒಂದೇ ಕೋಣೆಯ ಅಡುಗೆಮನೆಯಲ್ಲಿ ಸೌದೆ ಒಲೆಯೂ ಉಳಿದಿರುವುದರಿಂದ ಎರಡೂ ಅಕ್ಕಪಕ್ಕ ಇವೆ. ಅಡುಗೆ ಅನಿಲ ಗಾಳಿಗಿಂತ ಭಾರ, ಆದ್ದರಿಂದ ಸೋರಿದರೆ ಮೇಲೆ ಹೋಗದೆ ನೆಲದ ಮೇಲೆ ಹರಡುತ್ತದೆ. ನೆಲಮಟ್ಟದಲ್ಲೇ ಕೆಂಡ ಇರುವ ಒಲೆ ಅದಕ್ಕೆ ಮೊದಲು ಸಿಗುತ್ತದೆ. ಈ ಮಾತನ್ನು ಕೇಳಿದಾಗ ಜನರ ಮುಖದಲ್ಲಿ ಕಂಡ ಬದಲಾವಣೆಯನ್ನು ನಾನು ಮರೆತಿಲ್ಲ, ಏಕೆಂದರೆ ಅದುವರೆಗೆ ಅವರಿಗೆ ನಿಯಮ ಹೇಳಿದವರಿದ್ದರೇ ಹೊರತು ಕಾರಣ ಹೇಳಿದವರಿರಲಿಲ್ಲ. ವಾಸನೆ ಬಂದರೆ ಲೈಟಿನ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಎಲ್ಲರೂ ಹೊರಗೆ ಬಂದು, ದೂರ ನಿಂತು 1906ಕ್ಕೆ ಫೋನ್ ಮಾಡಬೇಕು. ರಬ್ಬರ್ ಟ್ಯೂಬಿನ ಮೇಲೆ ಮುದ್ರಿಸಿದ ವರ್ಷ ನೋಡಿ ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಅದಕ್ಕೂ ಮೊದಲು ಬಿರುಕು ಕಂಡರೆ ಆಗಲೇ ಬದಲಿಸಬೇಕು. ಅನೇಕರು ಅಂದೇ ಮನೆಗೆ ಹೋಗಿ ಟ್ಯೂಬ್ ನೋಡಿದರು.

ಸುಟ್ಟ ಗಾಯದ ಬಗ್ಗೆ ಹೇಳಿದ್ದು ಚಿಕ್ಕದು, ಆದರೆ ಅದನ್ನು ಎಲ್ಲ ಭಾಷೆಗಳಲ್ಲೂ ಮತ್ತೆ ಮತ್ತೆ ಹೇಳಿಸಿದರು: ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು, ಟೂತ್‌ಪೇಸ್ಟ್, ಅರಿಶಿನ, ಶಾಯಿ ಯಾವುದನ್ನೂ ಹಚ್ಚಬಾರದು, ಮೈಗೆ ಅಂಟಿದ ಬಟ್ಟೆಯನ್ನು ಎಳೆಯಬಾರದು. ಆಸ್ಪತ್ರೆ ದೂರ ಇರುವ ಜಾಗದಲ್ಲಿ ಈ 20 ನಿಮಿಷಕ್ಕೆ ಇರುವ ಬೆಲೆ ಬಹಳ ದೊಡ್ಡದು.

ಮನೆಯೊಳಗೆ ನೋಡಿದ್ದು

ಸಭೆಗಳ ನಂತರ ಠಾಣೆಯವರು ಮನೆಯವರ ಒಪ್ಪಿಗೆ ಪಡೆದು, ರೈಟರನ್ನೂ ಮೇಸ್ತ್ರಿಯನ್ನೂ ಕರೆದುಕೊಂಡು, ಒಂದೊಂದೇ ಮನೆಯನ್ನು ನೋಡಿದರು. ಅಲ್ಲಿ ಕಂಡ ಅಪಾಯಗಳಲ್ಲಿ ಕೆಲವನ್ನು ನಿವಾಸಿಗಳೇ ಸರಿಪಡಿಸಬಹುದಿತ್ತು, ಕೆಲವನ್ನು ಮಾಲೀಕರು ಮಾತ್ರ. ಈ ಭೇದವನ್ನು ಅವರು ಸ್ಪಷ್ಟವಾಗಿ ಮಾಡಿದ್ದು ನನಗೆ ಮಹತ್ವದ್ದಾಗಿ ಕಾಣುತ್ತದೆ. ಜಾಗೃತಿ ಎಂಬ ಹೆಸರಿನಲ್ಲಿ ನಡೆಯುವ ಎಷ್ಟೋ ಕಾರ್ಯಕ್ರಮಗಳು ಬಡವರ ಅಜಾಗ್ರತೆಯನ್ನೇ ಬೆಂಕಿಗೆ ಕಾರಣವೆಂದು ತೋರಿಸಿ ಮುಗಿಯುತ್ತವೆ. ಕಟ್ಟಡದ ದೋಷ, ವೈರಿಂಗ್‌ನ ದೋಷ ಮಾತಿಗೇ ಬರುವುದಿಲ್ಲ.

ನಿವಾಸಿಗಳ ಕೈಯಲ್ಲಿದ್ದ ಕೆಲಸಗಳು ಬೇಗ ಆದವು. ಜನವರಿಯಿಂದ ಮೇವರೆಗೆ ಅಟ್ಟದ ಸೌದೆಯನ್ನು ಇಳಿಸಿ ಹೊರಗೆ, ಗೋಡೆಯಿಂದ ದೂರ ಪೇರಿಸಿಡುವುದು. ತೋಟಕ್ಕೆ ಹೊರಡುವ ಮುನ್ನ ಕೆಂಡಕ್ಕೆ ನೀರು ಹಾಕುವುದು. ಕಳೆ ಕೊಚ್ಚುವ ಯಂತ್ರದ ಪೆಟ್ರೋಲನ್ನು ನೀರಿನ ಬಾಟಲಿಯಲ್ಲಿ ತುಂಬಿ ಮನೆಯಲ್ಲಿ ಇಡದೆ ಸ್ಟೋರಿನಲ್ಲೇ ಬಿಡುವುದು. ಕೆಂಡಕ್ಕೆ ನೀರು ಹಾಕುವ ವಿಷಯದಲ್ಲಿ ಮಾತ್ರ ಹಿಂಜರಿಕೆ ಕಂಡಿತು. ಸಂಜೆ ದಣಿದು ಬಂದವರಿಗೆ ಹೊಸದಾಗಿ ಒಲೆ ಹೊತ್ತಿಸುವ ಶ್ರಮ ಸಣ್ಣದಲ್ಲ. ಅದಕ್ಕೆ ಬದಲಾಗಿ ಒಲೆಯ ಬಾಯಿಗೆ ಅಡ್ಡಲಾಗಿ ತಗಡಿನ ಮುಚ್ಚಳ ಇಡುವ ಏರ್ಪಾಡನ್ನು ಠಾಣೆಯವರು ಒಪ್ಪಿಕೊಂಡರು, ಪಕ್ಕದಲ್ಲಿ ಸೌದೆಯಾಗಲಿ ಬಟ್ಟೆಯಾಗಲಿ ಇರಕೂಡದೆಂಬ ಷರತ್ತಿನ ಮೇಲೆ. ನಡೆಯದ ನಿಯಮವನ್ನು ಹಿಡಿದು ಕೂರುವ ಬದಲು ನಡೆಯುವ ನಿಯಮವನ್ನು ಹುಡುಕಿದ್ದು ವಿವೇಕದ ಕೆಲಸ.

ಮಾಲೀಕರ ಪಾಲಿನ ಕೆಲಸ ನಿಧಾನವಾಯಿತು. ವಿದ್ಯುತ್ ಬೋರ್ಡಿನಲ್ಲಿ ಫ್ಯೂಸ್ ಹೋದಾಗಲೆಲ್ಲ ಸಿಕ್ಕಿದ ದಪ್ಪ ತಂತಿ ಸುತ್ತಿದ್ದರು. ಹಾಗೆ ಮಾಡಿದರೆ ವೈರು ಬಿಸಿಯಾಗಿ ಸುಡಲು ತೊಡಗಿದರೂ ಫ್ಯೂಸ್ ಕಡಿಯುವುದಿಲ್ಲ. ಮಿತಿಮೀರಿ ವಿದ್ಯುತ್ ಹರಿದಾಗ ತಾನಾಗಿಯೇ ಕಡಿಯುವ ಎಂಸಿಬಿ ಸ್ವಿಚ್ ಹಾಕಿಸಲು ಮಾಲೀಕರು ಒಪ್ಪಿ ಹಾಕಿಸಿದರು. ನಡುವಿನ ಗೋಡೆಗಳನ್ನು ಹಂಚಿನ ತನಕ ಎತ್ತರಿಸಬೇಕೆಂಬುದು ಠಾಣೆಯ ಮುಖ್ಯ ಸಲಹೆ. ಕೆಲವು ಸಾಲು ಇಟ್ಟಿಗೆಯಲ್ಲಿ ಮುಗಿಯುವ ಈ ಕೆಲಸ ಒಂದು ಮನೆಯ ಬೆಂಕಿಯನ್ನು ಆ ಮನೆಯಲ್ಲೇ ಹೆಚ್ಚು ಹೊತ್ತು ತಡೆಯುತ್ತದೆ, ಅಕ್ಕಪಕ್ಕದವರಿಗೆ ಹೊರಬರಲು ಸಮಯ ಕೊಡುತ್ತದೆ. ಸುಟ್ಟ ಸಾಲನ್ನು ಮತ್ತೆ ಕಟ್ಟುವಾಗ ಹಾಗೆಯೇ ಮಾಡಿದರು. ಉಳಿದ ಸಾಲುಗಳು ಖರ್ಚಿನ ಕಾರಣಕ್ಕೆ ಹಿಂದುಳಿದಿವೆ. ಐದು ಹೆಕ್ಟೇರ್ ಅಥವಾ ಹೆಚ್ಚು ವಿಸ್ತೀರ್ಣದ, ಹದಿನೈದು ಅಥವಾ ಹೆಚ್ಚು ಕಾರ್ಮಿಕರಿರುವ ತೋಟಗಳನ್ನು ಒಳಗೊಂಡ 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ವಸತಿಯ ಹೊಣೆ ಮಾಲೀಕರದೇ ಆಗಿದೆ. ವಸತಿ ಎಂದರೆ ತಲೆಯ ಮೇಲೆ ಮಾಡು ಇರುವುದಷ್ಟೇ ಅಲ್ಲ ಎಂದು ಬೆಳೆಗಾರನಾಗಿ ನಾನೂ ಒಪ್ಪಬೇಕು. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷವಾದರೂ ಈ ಇಟ್ಟಿಗೆಗೆ ಹಣ ಇಲ್ಲವೆನ್ನುವುದು ನ್ಯಾಯವಾಗಲಾರದು.

ಇದರ ಜೊತೆಗೆ ಠಾಣೆಯವರು ತಮ್ಮ ಪುಸ್ತಕಕ್ಕಾಗಿ ದಾಖಲಿಸಿಕೊಂಡ ಸಂಗತಿಗಳು, ನನ್ನ ದೃಷ್ಟಿಯಲ್ಲಿ, ಪ್ರಾತ್ಯಕ್ಷಿಕೆಗಳಷ್ಟೇ ಮುಖ್ಯ. ಗೇಟಿನ ಬೀಗದ ಕೈ ಹಗಲಲ್ಲಿ ಯಾರ ಬಳಿ, ರಾತ್ರಿ ಯಾರ ಬಳಿ; ದೊಡ್ಡ ವಾಹನ ತಿರುಗಬಲ್ಲ ಜಾಗ ಯಾವುದು; ತೋಡಿನ ಮೋರಿ ಭಾರ ತಡೆಯುತ್ತದೆಯೇ; ಕೆರೆಯ ದಂಡೆಗೆ ಎಲ್ಲಿಂದ ಇಳಿಯಬಹುದು; ಸ್ಪ್ರಿಂಕ್ಲರ್ ಎಂಜಿನ್ ಯಾವ ತಿಂಗಳು ಎಲ್ಲಿರುತ್ತದೆ. ಕಣದ ಗೋಡೆಯ ಮೇಲೆ 101, 112 ಮತ್ತು ಠಾಣೆಯ ಸ್ಥಿರ ದೂರವಾಣಿ ಸಂಖ್ಯೆಯನ್ನು, ಅದರ ಕೆಳಗೆ ತೋಟಕ್ಕೆ ಬರುವ ದಾರಿಯನ್ನು ಮೂರೇ ವಾಕ್ಯದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸಿದರು. ಗಾಬರಿಯಲ್ಲಿದ್ದವರು ಅದನ್ನು ನೋಡಿ ಓದಿದರೆ ಸಾಕು. ಆಧಾರ್, ಜಾತಿ ಪ್ರಮಾಣಪತ್ರಗಳ ನಕಲನ್ನು ತೋಟದ ಕಚೇರಿಯಲ್ಲಿ ಇಡುವ ಏರ್ಪಾಡನ್ನು ರೈಟರ್ ತಾವಾಗಿಯೇ ಮಾಡಿದರು.

ಪರೀಕ್ಷೆಗೆ ಬಂದ ಒಂದು ಸಂದರ್ಭ

ಈ ಸಭೆಗಳು ನಡೆದ ವರ್ಷದ ಮಾರ್ಚ್‌ನಲ್ಲಿ ರಸ್ತೆಯ ಬದಿಯ ಒಣಹುಲ್ಲಿಗೆ ಬೆಂಕಿ ಬಿದ್ದು ತೋಟದ ಅಂಚಿನ ತನಕ ಬಂದಿತು. ದಾರಿಹೋಕರು ಎಸೆದ ಬೀಡಿಯೋ ಸಿಗರೇಟೋ ಇರಬೇಕೆಂಬುದು ಎಲ್ಲರ ಊಹೆ. ಅರಣ್ಯ ಇಲಾಖೆಯವರು ಕಾಡಿನಂಚಿನಲ್ಲಿ ಬೆಂಕಿ ರೇಖೆ ಮಾಡುವ ಹಾಗೆ, ಠಾಣೆಯವರ ಸಲಹೆಯಂತೆ ತೋಟದ ರಸ್ತೆ ಬದಿಯಲ್ಲೂ ಲೈನಿನ ಹಿಂದೆಯೂ ತರಗೆಲೆ ಗುಡಿಸಿ ಮಣ್ಣು ಕಾಣುವ ಪಟ್ಟಿ ಬಿಟ್ಟಿದ್ದರು. ಅನೇಕ ತೋಟಗಳಲ್ಲಿ ಗುಡಿಸಿದ ತರಗೆಲೆಗೆ ಅಲ್ಲೇ ಬೆಂಕಿ ಇಡುತ್ತಾರೆ, ಅದು ಎಷ್ಟೋ ಸಲ ಕೈಮೀರುತ್ತದೆ. ಇಲ್ಲಿ ಅದನ್ನು ಕಾಫಿ ಗಿಡಗಳ ಬುಡಕ್ಕೆ ಹೊದಿಕೆಯಾಗಿ ಹಾಕಿದ್ದರು. ಬೆಂಕಿ ಆ ಪಟ್ಟಿಯಲ್ಲಿ ತಡೆಯಿತು. ತಡೆದ ಬೆಂಕಿಯನ್ನು ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿದು ಆರಿಸಿದವರಲ್ಲಿ ಹೆಂಗಸರೇ ಹೆಚ್ಚು. ಕರೆ ಕೂಡಲೇ ಹೋಯಿತು, ಗೇಟು ತೆರೆದೇ ಇತ್ತು, ದಾರಿ ತೋರಿಸಲು ಒಬ್ಬರು ಮುಖ್ಯರಸ್ತೆಯಲ್ಲಿ ನಿಂತಿದ್ದರು.

ಒಂದು ಸಂದರ್ಭದಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾಗದು. ಗಾಳಿ ಜೋರಾಗಿದ್ದರೆ ಆ ಪಟ್ಟಿ ಸಾಲದೆ ಹೋಗುತ್ತಿತ್ತು. ಆದರೆ ಹಿಂದಿನ ವರ್ಷ ರೈಟರ್ ಒಬ್ಬರ ಸಮಯಸ್ಫೂರ್ತಿಯಿಂದ ಆದದ್ದು ಈ ಸಲ ಅನೇಕರು ಮೊದಲೇ ತಿಳಿದು ಮಾಡಿದ ಕೆಲಸವಾಗಿತ್ತು ಎಂಬುದು ನಿಜ.

ಉಳಿದ ತೊಡಕುಗಳು

ಕೊಯ್ಲಿಗೆ ಬರುವವರು ಪ್ರತಿ ವರ್ಷ ಬದಲಾಗುತ್ತಾರೆ. ಈ ಜನವರಿಯಲ್ಲಿ ಕಲಿತವರು ಮುಂದಿನ ಜನವರಿಯಲ್ಲಿ ಬೇರೆ ತೋಟದಲ್ಲೋ ಬೇರೆ ರಾಜ್ಯದಲ್ಲೋ ಇರುತ್ತಾರೆ. ಆದ್ದರಿಂದ ಈ ಕೆಲಸ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ, ಕೊಯ್ಲು ಶುರುವಾದಾಗಲೆಲ್ಲ ಮತ್ತೆ ಮಾಡಬೇಕಾದದ್ದು. ಒಂದು ಠಾಣೆಯ ಸಿಬ್ಬಂದಿ ತಮ್ಮ ವ್ಯಾಪ್ತಿಯ ಎಲ್ಲ ತೋಟಗಳ ತೂಕದ ಜಾಗಕ್ಕೂ ಹೋಗುವುದು ಸಾಧ್ಯವಿಲ್ಲ. ಹೋಗಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಪ್ರತಿ ತೋಟದಿಂದ ಮೇಸ್ತ್ರಿ, ರೈಟರ್ ಮತ್ತು ಲೈನಿನಲ್ಲೇ ವಾಸಿಸುವ ಒಬ್ಬ ಮಹಿಳೆಗೆ ಡಿಸೆಂಬರ್‌ನಲ್ಲಿ ಠಾಣೆಯಲ್ಲೇ ಒಂದು ದಿನದ ತರಬೇತಿ ಕೊಟ್ಟರೆ, ಉಳಿದದ್ದನ್ನು ಅವರು ತಮ್ಮ ತೋಟದಲ್ಲಿ ನಡೆಸಬಹುದು. ಆ ದಿನದ ಕೂಲಿಯನ್ನು ತೋಟವೇ ಕೊಡಬೇಕು. ಕಾಫಿ ಮಂಡಳಿಯ ವಿಸ್ತರಣಾ ಅಧಿಕಾರಿಗಳು ಬೆಳೆಗಾರರಿಗಾಗಿ ನಡೆಸುವ ಸಭೆಗಳಲ್ಲಿ, ಗೊಬ್ಬರ, ಕಾಯಿಕೊರಕಗಳ ಮಾತಿನ ಜೊತೆಗೆ, ಈ ವಿಷಯಕ್ಕೂ ಸಮಯ ಸಿಗುವಂತೆ ಬೆಳೆಗಾರರ ಸಂಘಗಳು ಕೇಳಬೇಕು.

ಹೋಂಸ್ಟೇಗಳದು ಇನ್ನೊಂದು ಸಮಸ್ಯೆ. ನಮ್ಮ ಪಕ್ಕದ ತೋಟದಲ್ಲೇ ಅತಿಥಿಗಳಿಗಾಗಿ ರಾತ್ರಿ ಬೆಂಕಿ ಹಾಕುವ ಜಾಗ ಒಣ ತರಗೆಲೆಯ ನಡುವೆ ಇದೆ. ಠಾಣೆಯವರು ಹೇಳಿದ ಮೇಲೆ ಸುತ್ತ ಕಲ್ಲು ಕಟ್ಟಿದ್ದಾರೆ, ಒಂದು ಡ್ರಮ್ ನೀರು ಇಟ್ಟಿದ್ದಾರೆ. ಅಲ್ಲಿ ಬಂದು ಉಳಿಯುವವರಿಗೆ ಫೆಬ್ರುವರಿಯ ಕೊಡಗು ಎಷ್ಟು ಒಣಗಿರುತ್ತದೆಂಬ ಅಂದಾಜು ಇರುವುದಿಲ್ಲ, ಹಸಿರು ಕಂಡು ತೇವವಿದೆ ಎಂದುಕೊಳ್ಳುತ್ತಾರೆ. ಇದಕ್ಕೆ ಬೇರೆಯೇ ಆದ ಅಧ್ಯಯನ ಬೇಕು.

ಸದ್ಯಕ್ಕೆ ಆಗಬೇಕಾದ ಕೆಲಸ ಉಳಿದ ಸಾಲುಗಳ ಗೋಡೆಯದು. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಲೈನ್ ಮನೆಗಳ ಹಂಚನ್ನು ಇಳಿಸಿ, ಒಡೆದದ್ದನ್ನು ಬದಲಿಸಿ ಮತ್ತೆ ಹೊದಿಸುವುದು ಎಲ್ಲ ತೋಟಗಳಲ್ಲೂ ಇರುವ ಕ್ರಮ. ಮಾಡು ತೆರೆದಿರುವ ಆ ಎರಡು ಮೂರು ದಿನಗಳಲ್ಲಿ, ಆಳುಗಳೂ ಏಣಿಯೂ ಅಲ್ಲೇ ಇರುವಾಗ, ನಡುಗೋಡೆಯ ಮೇಲೆ ಇಟ್ಟಿಗೆ ಏರಿಸುವುದಕ್ಕೆ ಗಾರೆಯವನ ಕೂಲಿ ಮತ್ತು ಸಾಮಗ್ರಿಯ ಖರ್ಚು ಬಿಟ್ಟು ಹೆಚ್ಚೇನೂ ಬೀಳುವುದಿಲ್ಲ. ಈ ತೋಟದ ಮಾಲೀಕರು ಈ ವರ್ಷ ಎರಡು ಸಾಲುಗಳಿಗೆ ಒಪ್ಪಿದ್ದಾರೆ. ನನ್ನ ತೋಟದಲ್ಲಿರುವುದು ಒಂದೇ ಸಾಲು. ಅದರ ಹಂಚು ಇಳಿಸುವಾಗಲೇ ಗೋಡೆಯನ್ನೂ ಏರಿಸಲು ಗಾರೆಯವನಿಗೆ ಹೇಳಿದ್ದೇನೆ, ಇಟ್ಟಿಗೆ ತಂದು ಹಾಕಿಸಿದ್ದೇನೆ.